ಕೆಳಗಿನ ಮನೆ ಪೂರ್ತಿ ಕೊಡು, ಮೇಲಿನ ರೂಮು ನಿನಗಿರಲಿ

ಪ್ರೀತಿಯ ಪುಟ್ಟಿ,

ಅಮ್ಮನ ಆಶೀರ್ವಾದಗಳು. ಅಳಿಯಂದಿರಿಗೆ ವರ್ಗವಾದಾಗಿನಿಂದ ಧಾರವಾಡದಲ್ಲಿ ಮನೆ ಹುಡುಕುವುದು, ಮಗುವಿನ ಸ್ಕೂಲು ಅಂತ ಓಡಾಡುತ್ತಿದ್ದೀಯ. ನಾಗರಬಾವಿ ಮನೆಯ ಮಾತು ಫೋನಿನಲ್ಲಿ ಅರ್ಧಕ್ಕೇ ನಿಂತಿತು, ಅದಕ್ಕೇ ಬರೆಯುತ್ತಿದ್ದೇನೆ. ಕೆಳಗಿನ ಮೂಲೆ ಕೋಣೆಯಲ್ಲಿ ನಿಮ್ಮ ಸಾಮಾನೆಲ್ಲ ತುಂಬಿ ಬೀಗ ಹಾಕ್ತೀನಿ, ಉಳಿದದ್ದನ್ನು ಬಾಡಿಗೆಗೆ ಕೊಡ್ತೀನಿ, ಬೆಂಗಳೂರಿಗೆ ಬಂದಾಗ ಆ ಕೋಣೆಯಲ್ಲೇ ಇಳಿದುಕೊಳ್ತೀವಿ ಅಂದೆಯಲ್ಲ, ಅದೊಂದನ್ನು ಮಾಡಬೇಡ ಮಗಳೇ. ಆ ಕೋಣೆಗೆ ಹೋಗಬೇಕಾದರೆ ಬಾಡಿಗೆಗೆ ಬಂದವರ ಹಾಲ್ ದಾಟಿಯೇ ಹೋಗಬೇಕು. ನೀವು ಬರುತ್ತೀರಿ ಅಂದ ದಿನ ಆ ಮನೆಯ ಹೆಂಗಸು ಅಡುಗೆ ಬಿಟ್ಟು ಹಾಲ್ ಗುಡಿಸುತ್ತಾ ಕೂರಬೇಕೇ?

ನಾನು ಬೆಳೆದದ್ದು ಚಾಮರಾಜಪೇಟೆಯ ವಠಾರದಲ್ಲಿ ಅಂತ ನಿನಗೆ ಗೊತ್ತು. ಮುಂದಿನ ಮನೆ ಓನರ್‌ದು, ಹಿಂದೆ ಸಾಲಾಗಿ ಬಾಡಿಗೆ ಮನೆಗಳು, ನಡುವೆ ಅಂಗಳ, ಎಲ್ಲರಿಗೂ ಸೇರಿ ಒಂದೇ ಕೊಳಾಯಿ. ಆ ಕೊಳಾಯಿ ಓನರ್ ಮನೆ ಕಿಟಕಿಯ ಕೆಳಗೇ ಇತ್ತು. ಯಾರು ಎಷ್ಟು ಬಿಂದಿಗೆ ಹಿಡಿದರು, ಯಾರ ಮನೆಗೆ ಬಂದ ನೆಂಟರು ಇನ್ನೂ ಹೊರಟಿಲ್ಲ, ಯಾರ ಮನೆಯಲ್ಲಿ ಅಷ್ಟು ಹೊತ್ತಾದರೂ ದೀಪ ಉರಿಯುತ್ತಿದೆ, ಎಲ್ಲವೂ ಅವರಿಗೆ ಗೊತ್ತಾಗಬೇಕು. ನಿನ್ನ ತಾತ ಬಾಡಿಗೆಯನ್ನು ಒಂದು ತಿಂಗಳೂ ತಡ ಮಾಡಿದವರಲ್ಲ. ಆದರೂ ನಾವು ಮಕ್ಕಳು ಜೋರಾಗಿ ನಕ್ಕರೆ ನಮ್ಮಮ್ಮ ಬಾಯಿಗೆ ಬೆರಳಿಟ್ಟು ಸುಮ್ಮನಾಗಿಸುತ್ತಿದ್ದಳು. ದುಡ್ಡು ಕೊಟ್ಟು ಇದ್ದ ಮನೆಯಲ್ಲೂ ಆ ಅಳುಕು ನಮ್ಮನ್ನು ಬಿಡಲಿಲ್ಲ. ನಿನ್ನ ಮನೆಗೆ ಬರುವವರ ಮಕ್ಕಳಿಗೆ ಅದು ತಟ್ಟಬಾರದು ಅನ್ನುವುದೇ ನನ್ನ ಆಸೆ. ಕೊಡುವುದಾದರೆ ಕೆಳಗಿನ ಮನೆಯನ್ನು ಪೂರ್ತಿ ಕೊಡು. ನಿನಗೆ ಬೇಕಾದದ್ದನ್ನು ಮೇಲಿನ ರೂಮಿಗೆ ಸಾಗಿಸು. ಅದಕ್ಕೆ ಹೊರಗಿನಿಂದ ಮೆಟ್ಟಿಲಿದೆ, ಬಚ್ಚಲಿದೆ, ಬೇರೆ ಬಾಗಿಲಿದೆ. ನೀವು ಯಾವ ಹೊತ್ತಿಗೆ ಬಂದರೂ ಯಾರಿಗೂ ತೊಂದರೆಯಿಲ್ಲ.

ಜಗಳ ಹುಟ್ಟುವುದು ನೀರು ಮತ್ತು ಕರೆಂಟಿನಲ್ಲಿ. ಈಗ ಮೇಲಕ್ಕೂ ಕೆಳಕ್ಕೂ ಒಂದೇ ಮೀಟರ್ ಇದೆ. ಗೃಹಜ್ಯೋತಿಯ ಉಚಿತ ಕರೆಂಟು ಬಾಡಿಗೆದಾರರಿಗೂ ಸಿಗುತ್ತದೆ, ತಾವಿರುವ ಮನೆಯ ಮೀಟರಿಗೆ ಅವರ ಆಧಾರ್ ಜೋಡಿಸಿಕೊಳ್ಳಬಹುದು. ಆದರೆ ತಿಂಗಳಿಗೆ 200 ಯೂನಿಟ್ ದಾಟಿತೋ, ಆ ತಿಂಗಳ ಬಿಲ್ ಪೂರ್ತಿ ಕಟ್ಟಬೇಕು. ನೀವು ಎರಡು ದಿನ ಬಂದು ಗೀಸರ್ ಹಾಕಿಕೊಂಡು ಸ್ನಾನ ಮಾಡಿ ಹೋದದ್ದಕ್ಕೆ ಅವರ ಲೆಕ್ಕ 200 ದಾಟಿದರೆ ಆ ಬಿಲ್ ಯಾರ ತಲೆಗೆ? ಬೆಸ್ಕಾಂನಲ್ಲಿ ಮೇಲಿನ ರೂಮಿಗೆ ಬೇರೆ ಮೀಟರ್ ಕೇಳು. ಅದು ತಡವಾದರೆ ಎಲೆಕ್ಟ್ರಿಷಿಯನ್ ಕೈಲಿ ಸಬ್ ಮೀಟರ್ ಹಾಕಿಸಿ, ನಿಮ್ಮ ಪಾಲಿನ ದುಡ್ಡನ್ನು ನೀನೇ ತಿಂಗಳು ತಿಂಗಳು ಕಳಿಸು. ಅವರು ಕೇಳುವ ತನಕ ಕಾಯಬೇಡ.

ನೀರಿಗೆ ಸಂಪು ಒಂದೇ, ಕಾವೇರಿ ಬಿಲ್ಲೂ ಒಂದೇ. 2024ರ ಬೇಸಿಗೆ ನೆನಪಿದೆಯಲ್ಲ, ಬೋರುಗಳು ಬತ್ತಿ ಟ್ಯಾಂಕರ್‌ನವರು ಹೇಳಿದ್ದೇ ರೇಟು ಆಗಿತ್ತು. ಟ್ಯಾಂಕರ್ ತರಿಸಿದರೆ ಯಾರು ಎಷ್ಟು ಕೊಡಬೇಕು ಅನ್ನುವುದನ್ನು ಮೊದಲೇ ಬರೆದಿಡು. ಮೋಟಾರ್ ಸ್ವಿಚ್ ಅವರ ಕೈಗೆ ಸಿಗುವ ಕಡೆ ಇರಲಿ. ಟೆರೇಸೂ ಹಾಗೆಯೇ. ಟ್ಯಾಂಕ್ ತೊಳೆಸಬೇಕು, ಸೋಲಾರ್ ನೋಡಬೇಕು, ಬಟ್ಟೆ ಒಣಗಿಸಬೇಕು, ಬೇಸಿಗೆಯಲ್ಲಿ ಸಂಡಿಗೆ ಇಡುವವರಾದರೆ ಅದಕ್ಕೂ ಜಾಗ ಬೇಕು. ಟೆರೇಸಿನ ಬೀಗದ ಕೈ ಅವರ ಹತ್ತಿರವೂ ಒಂದಿರಲಿ.

ಅಗ್ರಿಮೆಂಟನ್ನು ಎಲ್ಲರ ಹಾಗೆ 11 ತಿಂಗಳಿಗೆ ಮಾಡಿಸುತ್ತೀಯ, ಸರಿ. ಒಂದು ವರ್ಷ ಮೀರಿದ ಕರಾರನ್ನು ರಿಜಿಸ್ಟರ್ ಮಾಡಿಸಲೇಬೇಕು. ಆದರೆ ಟೈಪಿಂಗ್ ಅಂಗಡಿಯವರು ಕೊಡುವ ಮಾದರಿಯಲ್ಲಿ ಇಡೀ ಮನೆಯ ವಿಳಾಸ ಬರೆದು ಬಿಟ್ಟಿರುತ್ತಾರೆ. ಆಸ್ತಿಯ ವಿವರ ಬರೆಯುವ ಷೆಡ್ಯೂಲಿನಲ್ಲಿ 'ನೆಲಮಹಡಿ ಮಾತ್ರ' ಅಂತ ಬರಬೇಕು. ಯಾವ ಯಾವ ಕೋಣೆ, ಕಾರು ನಿಲ್ಲಿಸುವ ಜಾಗ ಯಾರದ್ದು, ಮೇಲಿನ ರೂಮು ಮಾಲೀಕರ ಸ್ವಾಧೀನದಲ್ಲೇ ಉಳಿಯುತ್ತದೆ, ಇಷ್ಟೂ ಇರಲಿ. ನಾಳೆ ಅವರಿಗೂ ಗೊಂದಲ ಬೇಡ, ನಿನಗೂ ಬೇಡ.

ಭೋಗ್ಯಕ್ಕೆ ಕೊಟ್ಟರೆ ಒಟ್ಟಿಗೆ ದೊಡ್ಡ ಮೊತ್ತ ಸಿಗುತ್ತದೆ ಅಂತ ಯಾರೋ ಹೇಳಿದರಂತೆ. ಅವಧಿ ಮುಗಿದ ದಿನ ಅಷ್ಟನ್ನೂ ಹಿಂದಕ್ಕೆ ಎಣಿಸಬೇಕು, ಅದು ನಿನಗೆ ಬೇಡ. ಅಡ್ವಾನ್ಸ್ ಹತ್ತು ತಿಂಗಳದ್ದು ಕೇಳುವುದು ಬೆಂಗಳೂರಿನ ಹಳೆಯ ರೂಢಿ, ನೀನು ಅಷ್ಟು ಹಿಂಡಬೇಡ. ತಗೊಂಡದ್ದನ್ನು ಮುಟ್ಟದೆ ಬ್ಯಾಂಕಿನಲ್ಲಿಡು.

ಕಂದಾಯ ಕಟ್ಟುವಾಗ ಸ್ವಂತಕ್ಕಿರುವ ಚದರಡಿ ಬೇರೆ, ಬಾಡಿಗೆಗಿರುವ ಚದರಡಿ ಬೇರೆ ತೋರಿಸಬೇಕು. ಬಾಡಿಗೆಯದ್ದಕ್ಕೆ ದರ ಜಾಸ್ತಿ, ಆದರೂ ಇದ್ದದ್ದನ್ನು ಇದ್ದ ಹಾಗೇ ಬರೆ. ಇನ್‌ಕಮ್ ಟ್ಯಾಕ್ಸಿನಲ್ಲಿ ಬಾಡಿಗೆಯಿಂದ ಆ ಭಾಗದ ಕಂದಾಯ ಕಳೆದು, ಉಳಿದದ್ದರಲ್ಲಿ 30% ವಿನಾಯಿತಿ ಸಿಗುತ್ತದೆ. ಖರ್ಚಿನ ರಸೀದಿ ತೋರಿಸಬೇಕಾಗಿಲ್ಲ. ಉಳಿದ ಲೆಕ್ಕ ಅಪ್ಪ ಹೇಳುತ್ತಾರೆ.

ಇನ್ನೊಂದು ಮಾತು ನನಗೆ ಬಹಳ ಮುಖ್ಯ. ಮನೆ ನೋಡಲು ಬಂದವರನ್ನು ಯಾವ ಜನ, ಏನು ತಿಂತೀರಿ ಅಂತ ಕೇಳಬೇಡ. ಬಾಡಿಗೆ ಹೊತ್ತಿಗೆ ಸರಿಯಾಗಿ ಬರುತ್ತದೆಯೇ, ಮನೆ ಚೆನ್ನಾಗಿ ಇಟ್ಟುಕೊಳ್ಳುತ್ತಾರೆಯೇ, ಅಷ್ಟು ನೋಡು. ಗುರುತಿನ ಕಾಗದ ತಗೋ, ಪೊಲೀಸ್ ಸ್ಟೇಷನ್ನಿಗೆ ಬಾಡಿಗೆದಾರರ ಮಾಹಿತಿ ಕೊಡು. ಅವರು ಬಂದ ಮೇಲೆ ಕೆಳಗಿನ ಮನೆಗೆ ಹೋಗಬೇಕಾದರೆ ಹಿಂದಿನ ದಿನವೇ ಫೋನ್ ಮಾಡಿ ಕೇಳು. ಬೇಡ, ನಾಳೆ ಅನುಕೂಲವಿಲ್ಲ ಅಂದರೆ ಬೇಸರ ಮಾಡಿಕೊಳ್ಳಬೇಡ, ಇನ್ನೊಂದು ದಿನ ಹೋಗು. ಅಳಿಯಂದಿರಿಗೂ ಇದನ್ನು ಹೇಳಿರು.

ಅಗ್ರಿಮೆಂಟಿನ ಕರಡು ಬಂದ ತಕ್ಷಣ ವಾಟ್ಸಾಪ್ ಮಾಡು, ಸ್ಟಾಂಪ್ ಪೇಪರಿಗೆ ಹೋಗುವ ಮೊದಲು ಅಪ್ಪನೂ ನಾನೂ ಒಮ್ಮೆ ಓದುತ್ತೇವೆ. ಮೀಟರಿನ ಅರ್ಜಿ ಈ ವಾರವೇ ಹಾಕಿಬಿಡು. ಟು-ಲೆಟ್ ಬೋರ್ಡು ಆಮೇಲೆ.

ಮಗುವಿಗೆ ನನ್ನ ಮುತ್ತುಗಳು.

ನಿನ್ನ
ಅಮ್ಮ
ಮೈಸೂರು