ಗಡ್ಡೆ ಅಂದ ಕೂಡಲೇ ಕ್ಯಾನ್ಸರ್ ಅಲ್ಲ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಆರೋಗ್ಯ ಪುಟದಲ್ಲಿ ಅನ್ನನಾಳದ ಗಡ್ಡೆ ಬಗ್ಗೆ ಏನೇ ಬಂದರೂ ಅದು ಕೊನೆಗೆ ಕ್ಯಾನ್ಸರಿಗೇ ಹೋಗಿ ನಿಲ್ಲುತ್ತದೆ. ತಪ್ಪೇನಿಲ್ಲ, ಅಲ್ಲಿ ಕ್ಯಾನ್ಸರೇ ಜಾಸ್ತಿ. ಆದರೆ ಅಪರೂಪಕ್ಕೆ ಬರುವ ಸಾದಾ ಗಡ್ಡೆಗಳ ಬಗ್ಗೆ ಒಂದು ಸಾಲಾದರೂ ಬರೆಯಬಹುದಿತ್ತು ಅಲ್ವಾ?

ಎದೆಯುರಿ ಅಂತ ನಮ್ಮಣ್ಣನಿಗೆ ಎಂಡೋಸ್ಕೋಪಿ ಮಾಡಿಸಿದೆವು. ಅನ್ನನಾಳದ ಕೆಳಭಾಗದಲ್ಲಿ ಒಂದೂವರೆ ಸೆಂಟಿಮೀಟರ್ ಗಡ್ಡೆ, ಮೇಲಿನ ಪೊರೆ ಸರಿಯಿದೆ ಅಂತ ರಿಪೋರ್ಟು ಬಂತು. ನಾವು ಓದಿದ್ದು ಗಡ್ಡೆ ಅನ್ನುವ ಒಂದೇ ಪದ. ಅತ್ತಿಗೆ ಎರಡು ದಿನ ಊಟ ಬಿಟ್ಟರು. ಧೈರ್ಯ ಕೊಡುವ ಮಾತು ಇದ್ದದ್ದು ಪೊರೆ ಸರಿಯಿದೆ ಅನ್ನುವ ಆ ಬಾಲದಲ್ಲಿ. ಅನ್ನನಾಳದ ಕ್ಯಾನ್ಸರ್ ಸಾಮಾನ್ಯವಾಗಿ ಶುರುವಾಗುವುದೇ ಒಳಪೊರೆಯಲ್ಲಿ. ಪೊರೆ ನುಣುಪಾಗಿದ್ದು ಅದರಡಿ ಗಂಟು ಉಬ್ಬಿದ್ದರೆ ಅದು ಬಹುತೇಕ ಸ್ನಾಯುವಿನಿಂದ ಬೆಳೆದ ಲೈಯೋಮಯೋಮಾ. ಅನ್ನನಾಳದ ಸಾದಾ ಗಡ್ಡೆಗಳಲ್ಲಿ ಇದೇ ಹೆಚ್ಚು.

‘ಬಯಾಪ್ಸಿ ಯಾಕೆ ತೆಗೆಯಲಿಲ್ಲ?’ ಅಂತ ನಾನು ಡಾಕ್ಟರ ಮೇಲೆ ರೇಗಿಬಿಟ್ಟೆ. ಅವರು ಕಾಗದದ ಮೇಲೆ ಪದರ ಪದರವಾಗಿ ಗೆರೆ ಎಳೆದು ತೋರಿಸಿದರು. ಬಯಾಪ್ಸಿಗೆ ಅಂತ ಮೇಲಿಂದ ಚೂರು ಚಿವುಟಿದರೆ ಸಿಗುವುದು ಪೊರೆ ಮಾತ್ರ, ಗಡ್ಡೆ ಕೈಗೆ ಸಿಗುವುದೇ ಇಲ್ಲ. ಅದರ ಮೇಲೆ ಆ ಗಾಯ ಮಾಯುವಾಗ ಪೊರೆ ಗಡ್ಡೆಗೆ ಅಂಟಿಕೊಂಡು, ಮುಂದೆ ಆಪರೇಷನ್ ಮಾಡುವಾಗ ಹರಿಯುತ್ತದೆ. ಪೊರೆ ಅಂಟಿಲ್ಲದಿದ್ದರೆ ಎದೆಯಲ್ಲಿ ಸಣ್ಣ ತೂತು ಮಾಡಿ, ಸಿಪ್ಪೆಯಿಂದ ಕಾಳು ಬಿಡಿಸಿದ ಹಾಗೆ ಗಡ್ಡೆಯನ್ನಷ್ಟೇ ಬಿಡಿಸಿ ತೆಗೆಯಬಹುದು. ಹಾಗಾಗಿ ಮೊದಲು ಎಂಡೋಸ್ಕೋಪಿಯ ತುದಿಯಲ್ಲೇ ಅಲ್ಟ್ರಾಸೌಂಡ್ ಇಟ್ಟು ಗಡ್ಡೆ ಯಾವ ಪದರದಲ್ಲಿದೆ ಅಂತ ನೋಡುತ್ತಾರಂತೆ. ಅಣ್ಣನದು ನಾಲ್ಕನೇ ಪದರ, ಅಂದರೆ ಸ್ನಾಯು. ತೊಂದರೆ ಕೊಡುತ್ತಿಲ್ಲ, ಆಗಾಗ ನೋಡುತ್ತಿದ್ದರೆ ಸಾಕು ಅಂದರು. ಎದೆಯುರಿಗೆ ಮಾತ್ರೆ ಬರೆದುಕೊಟ್ಟರು. ರೇಗಿದ್ದಕ್ಕೆ ನನಗೇ ನಾಚಿಕೆಯಾಯಿತು.

ಹಾಗಂತ ಸಾದಾ ಗಡ್ಡೆ ಅಂದರೆ ಸುಮ್ನೆ ಬಿಡಬಹುದು ಅಂತಲ್ಲ. ಗಂಟಲ ಹತ್ತಿರ, ಅನ್ನನಾಳ ಶುರುವಾಗುವಲ್ಲಿ ಹುಟ್ಟಿ ಹಗ್ಗದಂತೆ ಒಳಗೆ ಇಳಿಬೀಳುವ ಒಂದು ಪಾಲಿಪ್ ಇದೆ. ಅದು ಕ್ಯಾನ್ಸರ್ ಅಲ್ಲ, ಆದರೆ ಕೆಮ್ಮಿದಾಗಲೋ ವಾಂತಿಯಾದಾಗಲೋ ಬಾಯಿಗೆ ಬಂದು ಉಸಿರು ಕಟ್ಟಿಸಿಬಿಡಬಹುದು. ಹೊಟ್ಟೆಯಲ್ಲಂತೂ ಇನ್ನೂ ಗೊಂದಲ. ನೋಡಲು ಲೈಯೋಮಯೋಮಾದಂತೆಯೇ ಇರುವ ಜಿಸ್ಟ್ ಅನ್ನುವ ಬೇರೆ ಜಾತಿಯ ಗಡ್ಡೆ ಅಲ್ಲಿ ಜಾಸ್ತಿ, ಅದು ಮುಂದೆ ಕೆಡುಕಾಗಬಹುದು. ಹಿಂದೆ ಎರಡನ್ನೂ ಒಂದೇ ಅಂದುಕೊಂಡಿದ್ದರು. 1998ರಲ್ಲಿ ಜಿಸ್ಟ್‌ನಲ್ಲಿ ಕಿಟ್ ಅನ್ನುವ ಜೀನಿನ ಬದಲಾವಣೆ ಗೊತ್ತಾದ ಮೇಲೆ ಲ್ಯಾಬಿನಲ್ಲಿ ಆ ಜೀನಿನ ಪ್ರೋಟೀನು ಕಾಣುವಂತೆ ಬಣ್ಣ ಹಾಕಿ ಬೇರೆ ಮಾಡುವುದು ಸುಲಭವಾಯಿತು.

ನುಂಗಲು ಕಷ್ಟವಾದರೆ ತೋರಿಸಿಕೊಳ್ಳಿ ಅಂತ ನೀವು ಬರೆಯುತ್ತಲೇ ಇರಿ, ಅದು ಬೇಕು. ಜೊತೆಗೆ ಯಾವ ಪದರದ ಗಡ್ಡೆ ಅಂತ ಡಾಕ್ಟರನ್ನು ಕೇಳಿ ಅಂತಲೂ ಒಂದು ಸಾಲು ಸೇರಿಸಿ. ಮುಂದಿನ ಸಲ ತಲೆಬರಹದಲ್ಲಿ ಗಡ್ಡೆ ಅಂತ ಹಾಕಿ ಒಳಗೆ ಬರೀ ಕ್ಯಾನ್ಸರ್ ಬಗ್ಗೆ ಬರೆಯಬೇಡಿ.

ಇಂತಿ,
ನಿಮ್ಮ ಓದುಗ