ಅಡುಗೆ ಅಕ್ಕನಿಗೆ, ಮತ್ತು ಮೊನ್ನೆ ಬಂದವರಿಗೆಲ್ಲ

ಮೊನ್ನೆ ಶನಿವಾರ ನಮ್ಮ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸಿನ ಮಕ್ಕಳ ಜೊತೆ ನಾವು ಹಳಬರು ಕೂತು ಮಾತಾಡಿದ ಕಾರ್ಯಕ್ರಮ ಅಂತೂ ಚೆನ್ನಾಗಿ ಮುಗಿಯಿತು. ನಮ್ಮ ಬ್ಯಾಚು ಶಾಲೆ ಬಿಟ್ಟು 25 ವರ್ಷ ಆಯ್ತು. ಮೂರು ತಿಂಗಳು ವಾಟ್ಸಾಪಿನಲ್ಲಿ ಜಗಳ ಆಡಿ, ಎರಡು ಸಲ ತಾರೀಖು ಬದಲಿಸಿ, ಕೊನೆಗೂ ಆಗೋದು ಅಂದರೆ ಆಗೇ ಆಯ್ತು.

ಎರಡು ಪೀರಿಯಡ್ ಬಿಟ್ಟುಕೊಟ್ಟ ಹೆಡ್‌ಮಾಸ್ಟರಿಗೆ, ಬೆಳಿಗ್ಗೆ ಏಳಕ್ಕೇ ಬಂದು ಬೆಂಚು ಎಳೆದು ಹಾಕಿಸಿದ ಪಿಟಿ ಸರ್‌ಗೆ, ಮೈಕ್ ಸೆಟ್ ತಂದು ಬಾಡಿಗೆ ತಗೊಳ್ಳದ ಗೆಳೆಯನಿಗೆ, ಮಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದು ನರ್ಸಿಂಗ್ ಕೋರ್ಸಿನ ಬಗ್ಗೆ ಮಾತಾಡಿದ ಗೆಳತಿಗೆ, ನಮಗೂ ಸೇರಿಸಿ ಪಲಾವು ಮಾಡಿದ ಬಿಸಿಯೂಟದ ಅಮ್ಮಂದಿರಿಗೆ, ಎಲ್ಲರಿಗೂ ಥ್ಯಾಂಕ್ಸ್. ಮಕ್ಕಳಿಗೆ ಇನ್ನೂ ಜಾಸ್ತಿ ಥ್ಯಾಂಕ್ಸ್. ನಾವು ಹಳಬರು ಮೈಕ್ ಸಿಕ್ಕರೆ ಬಿಡೋರಲ್ಲ, ಆದರೂ ಪಾಪ ಎದ್ದು ಹೋಗಲಿಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಅವತ್ತು ಒಂದು ಪ್ರಶ್ನೆಗೆ ನಾನು ಸುಳ್ಳು ಅಲ್ಲದಿದ್ದರೂ ಜಾರಿಕೊಳ್ಳೋ ಉತ್ತರ ಕೊಟ್ಟೆ. ಅದು ಅವತ್ತಿನಿಂದ ಕೊರೀತಾ ಇದೆ.

ನಾನು ಬೆಂಗಳೂರಿನ ಪೀಣ್ಯದಲ್ಲಿರೋ ನನ್ನ ವರ್ಕ್‌ಶಾಪಿನ ಕಥೆ ಹೇಳುತ್ತಿದ್ದೆ. ಮೂಲೆಮಟ್ಟ ಕೈಗೆ ಸಿಗದಿದ್ದರೆ ಒಂದು ಹಗ್ಗದಲ್ಲಿ 12 ಸಮ ಭಾಗ ಗುರುತು ಮಾಡಿ, 3, 4, 5 ಭಾಗ ಬರೋ ಹಾಗೆ ತ್ರಿಕೋನ ಎಳೆದರೆ ಮೂಲೆ ಸರಿಯಾಗಿ 90 ಡಿಗ್ರಿ ಕೂರುತ್ತದೆ ಅಂತ ಇಬ್ಬರು ಹುಡುಗರ ಕೈಯಲ್ಲಿ ಹಗ್ಗ ಹಿಡಿಸಿ ತೋರಿಸಿದೆ. ಚಪ್ಪಾಳೆ ಬಿತ್ತು. ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. ನಮ್ಮ ಹೊಳೆಯಾಚೆಯವಳೇ, ಶರಾವತಿ ಹಿನ್ನೀರಿನ ಆಚೆ ದಡದ ತುಮರಿ ಕಡೆ. "ಸರ್, ಎಸ್ಸೆಸ್ಸೆಲ್ಸಿಲಿ ನಿಮಗೆ ಮ್ಯಾಥ್ಸಲ್ಲಿ ಎಷ್ಟು ಬಂದಿತ್ತು?"

"ಪಾಸಾಗಿದ್ದೆ ಬಿಡಮ್ಮ" ಅಂದೆ. ಎಲ್ಲರೂ ನಕ್ಕರು. ಮೈಕ್ ಮುಂದಿನವರ ಕೈಗೆ ಹೋಯಿತು.

ಪುಟ್ಟಿ, ನಿಜವಾದ ಉತ್ತರ ಇದು. 2001ರಲ್ಲಿ ನಾನು ಗಣಿತದ ಪರೀಕ್ಷೆ ಬರೆಯಲೇ ಇಲ್ಲ.

ಅಪ್ಪನ ಕಾಯಿಲೆ ವಿಷಯ ನಮ್ಮ ಬ್ಯಾಚಿನವರಿಗೆಲ್ಲ ಗೊತ್ತು, ಮತ್ತೆ ಬರೆಯಲ್ಲ. ಗಣಿತದ ಹಿಂದಿನ ದಿನ ಸಂಜೆ, ಹಿನ್ನೀರು ದಾಟಿಸೋ ಲಾಂಚು ಇತ್ತಲ್ಲ, ಆ ಕಡೆಯಿಂದ ಬಂದ ಕೊನೆ ಲಾಂಚಿನಲ್ಲಿ ನಮ್ಮೂರಿನವರೊಬ್ಬರು ಬಂದು, ಅಪ್ಪನಿಗೆ ಜೋರಾಗಿದೆ ಅಂತ ಹಾಸ್ಟೆಲ್ ಬಾಗಿಲಲ್ಲೇ ನಿಂತು ಹೇಳಿ ಹೋದರು. ಈಗಿನ ಮಕ್ಕಳಿಗೆ ಇದು ಅರ್ಥ ಆಗಲಿಕ್ಕಿಲ್ಲ. ಹಿನ್ನೀರಿಗೆ ಸೇತುವೆ ಆಗಿದ್ದು 2025ರ ಜುಲೈಯಲ್ಲಿ. ಅಲ್ಲಿಯವರೆಗೆ ಕೊನೆ ಲಾಂಚು ಹೋಯಿತು ಅಂದರೆ ಹೋಯಿತು. ಇಲ್ಲದಿದ್ದರೆ ಕಾರ್ಗಲ್, ಕೋಗಾರು ಮೇಲೆ ಸುತ್ತು ಹಾಕಬೇಕು, ಅದಕ್ಕೆ ಗಾಡಿ ಬೇಕು, ಗಾಡಿಗೆ ದುಡ್ಡು ಬೇಕು. ವಾರ್ಡನ್ ಊರಿಗೆ ಹೋಗಿದ್ದರು. ನಾನು ಚಪ್ಪಲಿ ಹಾಕಿಕೊಂಡು ಲಾಂಚು ಹೊರಡೋ ಹೊಳೆಬಾಗಿಲಿನ ಕಡೆ ನಡೆದೇ ಹೋಗ್ತೀನಿ ಅಂತ ಹೊರಟವನು.

ತಡೆದದ್ದು ಹಾಸ್ಟೆಲಿನ ಅಡುಗೆ ಅಕ್ಕ. ಹೆಸರು ಬರೆಯಬೇಡ ಅಂದಿದ್ದಾರೆ, ಬರೆಯಲ್ಲ. ರಾತ್ರಿ ಊಟ ಬಡಿಸಿ, ಪಾತ್ರೆ ತೊಳೆಸಿ ಎಂಟೂವರೆಗೆ ಮನೆಗೆ ಹೋಗುವವರು. ಮನೆಯಲ್ಲಿ ಅವರಿಗೂ ಎರಡು ಸಣ್ಣ ಮಕ್ಕಳಿದ್ದವು. ಅವತ್ತು ಹೋಗಲಿಲ್ಲ. ನನ್ನನ್ನು ಅಡುಗೆಮನೆಯಲ್ಲಿ ಒಲೆ ಹತ್ತಿರ ಕೂರಿಸಿ, ತಾವು ಮರುದಿನದ ಅಕ್ಕಿ ಮೊರಕ್ಕೆ ಹಾಕಿಕೊಂಡು ಕಲ್ಲು ಆರಿಸುತ್ತಾ ಕೂತರು. ಅಳಬೇಡ ಅಂತ ಹೇಳಲಿಲ್ಲ. ದೇವರಿದ್ದಾನೆ ಅಂತಲೂ ಹೇಳಲಿಲ್ಲ. ನಾನು ಅತ್ತು ಸುಸ್ತಾದ ಮೇಲೆ, "ನಾಳೆ ಏನು ಪರೀಕ್ಷೆ, ಒಂಚೂರು ಹೇಳು ಕೇಳೋಣ. ನಂಗಂತೂ ಓದು ಬರಲ್ಲ" ಅಂದರು.

ಹೊತ್ತು ಹೋಗಬೇಕಲ್ಲ. ಇದ್ದಿಲು ತಗೊಂಡು ನೆಲದ ಮೇಲೆ ತ್ರಿಭುಜ ಬರೆದು ಪೈಥಾಗೊರಸನ ಪ್ರಮೇಯ ಒಪ್ಪಿಸಿದೆ. ಬಾಯಿಪಾಠ ಇತ್ತು, ಗಿಣಿ ಹಾಗೆ. ಅಕ್ಕ ಮೊರ ನಿಲ್ಲಿಸಿ ನೆಲ ನೋಡಿ, "ಅಲ್ಲ, ಸರಿ ಇದ್ದ ತ್ರಿಕೋನದ ಮಧ್ಯೆ ಯಾಕೆ ಇನ್ನೊಂದು ಗೆರೆ ಇಳಿಸಿದೆ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಒಂದು ವರ್ಷ ಆ ಗೆರೆ ಎಳೆದಿದ್ದೆ, ಯಾಕೆ ಅಂತ ಒಮ್ಮೆಯೂ ಯೋಚಿಸಿರಲಿಲ್ಲ. ನೋಡುತ್ತಾ ನೋಡುತ್ತಾ ಹೊಳೆಯಿತು. ಆ ಗೆರೆಯಿಂದ ಒಳಗೆ ಎರಡು ಸಣ್ಣ ತ್ರಿಕೋನ ಆಗುತ್ತವೆ, ಎರಡೂ ದೊಡ್ಡದರ ಮರಿ ಹಾಗೆ, ಅದೇ ಆಕಾರ. ಅಕ್ಕನಿಗೆ ಹಾಗೇ ಹೇಳಿದೆ. "ಹಾಂ, ಹಾಗಾದ್ರೆ ಸರಿ" ಅಂದು ಮತ್ತೆ ಅಕ್ಕಿಗೆ ಕೈ ಹಾಕಿದರು. ಶನಿವಾರ ನಾನು ತೋರಿಸಿದ ಹಗ್ಗದ ಹಿಂದೆ ಇರೋದು ಆ ರಾತ್ರಿಯೇ.

ಬೆಳಗಿನ ಜಾವ ಅವರು ಹೇಳಿದ್ದು ಒಂದೇ ಮಾತು. "ಪರೀಕ್ಷೆಗೆ ಹೋಗ್ತೀಯಾ, ಟೀ ಮಾಡ್ತೀನಿ. ಮನೆಗೆ ಹೋಗ್ತೀಯಾ, ಮೊದಲ ಬಸ್ಸಿಗೆ ನಾನೂ ಬರ್ತೀನಿ. ನೀನೇ ಹೇಳು." ಹದಿನೈದು ವರ್ಷದ ಹುಡುಗನಿಗೆ ಹಾಗೆ ಕೇಳಿದವರು ಆವರೆಗೆ ಯಾರೂ ಇರಲಿಲ್ಲ. ಮನೆಗೆ ಅಂದೆ. ಸೆರಗಿನ ಗಂಟಿನಿಂದ ಬಸ್ಸಿನ ದುಡ್ಡು ಕೊಟ್ಟದ್ದೂ ಅವರೇ. ಲಾಂಚಿನಲ್ಲಿ ಕಂಬಿ ಹಿಡಿದು ನಿಂತು, ದಡ ಬರುವವರೆಗೂ ನನ್ನ ಹೆಗಲ ಮೇಲಿಂದ ಕೈ ತೆಗೆಯಲಿಲ್ಲ.

ಅಪ್ಪ ಇದ್ದರು. ಮಾತಾಡಿದರು. ಮಧ್ಯಾಹ್ನದವರೆಗೆ ಇದ್ದರು.

ಆ ಹೊತ್ತಿಗೆ ಗಣಿತದ ಪರೀಕ್ಷೆ ಮುಗಿದಿರಬೇಕು. 100 ಅಂಕ ಒಂದು ಕಡೆ, ಆ ಬೆಳಗು ಒಂದು ಕಡೆ. ಇಷ್ಟು ವರ್ಷದಲ್ಲಿ ಒಂದು ದಿನವೂ ಪಶ್ಚಾತ್ತಾಪ ಆಗಿಲ್ಲ. ಆದರೂ ಅದನ್ನು ಮೈಕ್ ಮುಂದೆ ಹೇಳೋಕೆ ನಾಚಿಕೆ ಆಯ್ತು ನೋಡಿ, ಅದಕ್ಕೇ ನನ್ನ ಮೇಲೆ ಸಿಟ್ಟು.

ಆಮೇಲೆ ಪೂರಕ ಪರೀಕ್ಷೆಯಲ್ಲಿ ಗಣಿತ ಕಟ್ಟಿ ಪಾಸಾದೆ. ಒಂದು ವರ್ಷ ಹೋಯಿತು, ಅಡಿಕೆ ಸುಲಿದೆ, ತೋಟಕ್ಕೆ ಮಣ್ಣು ಹೊತ್ತೆ, ಮುಂದಿನ ವರ್ಷ ಶಿವಮೊಗ್ಗದಲ್ಲಿ ಡಿಪ್ಲೊಮಾ ಸೇರಿದೆ. ಆ ಹುಡುಗಿಗೂ ಅವಳ ಕ್ಲಾಸಿನವರಿಗೂ ಇದನ್ನು ಹೇಳಬೇಕಿತ್ತು. ಈಗ ನಿಮಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಜಾಸ್ತಿ ಅವಕಾಶ ಇವೆ, ಯಾವುದರಲ್ಲಿ ಜಾಸ್ತಿ ಬಂತೋ ಆ ಅಂಕ ಇಟ್ಟುಕೊಳ್ಳಬಹುದು. ಹತ್ತನೇ ಆದ ಮೇಲೆ ಡಿಪ್ಲೊಮಾ ಮೂರು ವರ್ಷ, ಅಲ್ಲಿಂದ ಡಿಸಿಇಟಿ ಅಂತ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಬರೆದು ನೇರ ಇಂಜಿನಿಯರಿಂಗ್ ಎರಡನೇ ವರ್ಷಕ್ಕೂ ಹೋಗಬಹುದು. 625ಕ್ಕೆ 600 ತೆಗೆದವರು ವೇದಿಕೆ ಮೇಲೆ ಮಾತಾಡಿದ್ದು ತಪ್ಪಲ್ಲ, ಆದರೆ ನಾನಾದರೂ ಇದನ್ನು ಹೇಳಬಹುದಿತ್ತು ಅಲ್ವಾ. ಮುಂದಿನ ವರ್ಷ ಕರೆದರೆ ಹೇಳ್ತೀನಿ.

ಅಕ್ಕ ಶನಿವಾರ ಬಂದಿದ್ದರು. ಕೊನೆ ಬೆಂಚಿನಲ್ಲಿ, ಗೋಡೆಗೆ ಒರಗಿ ಕೂತಿದ್ದರು. ಅವತ್ತು ನನ್ನ ಜೊತೆ ಬಂದದ್ದಕ್ಕೆ ಅವರ ಒಂದು ದಿನದ ಸಂಬಳ ಕತ್ತರಿಸಿದ್ದರು ಅಂತ ನನಗೆ ಗೊತ್ತಾಗಿದ್ದೂ ಮೊನ್ನೆಯೇ, ಅದೂ ಅವರ ಮಗನಿಂದ. ಊಟದ ಹೊತ್ತಲ್ಲಿ ಪಕ್ಕ ಕೂತು, "ಅಕ್ಕ, ಆ ರಾತ್ರಿ ನೆನಪಿದೆಯಾ?" ಅಂತ ಕೇಳಿದೆ. ಹೇಳಬೇಕು ಅಂತ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಗಂಟಲಲ್ಲೇ ಇತ್ತು.

"ನೆನಪಿಲ್ದೆ ಏನು" ಅಂದರು. "ಅಕ್ಕಿ ಅರ್ಧಕ್ಕೇ ಬಿಟ್ಟು ಬಂದಿದ್ದೆ. ಅವತ್ತು ಹುಡುಗರೆಲ್ಲ ಅನ್ನದಲ್ಲಿ ಕಲ್ಲು, ಕಲ್ಲು ಅಂತ ಬೈಕೊಂಡೇ ಪರೀಕ್ಷೆಗೆ ಹೋದ್ರಂತೆ."