ಮಧುಗಿರಿ ಸೈಟಿಗೆ ಡೀಸೆಲ್ ಗಾಡಿ ಕೊನೆಗೆ ಬರುತ್ತಿರುವ ಬಗ್ಗೆ ದೂರು

ತುಮಕೂರು
10 ಏಪ್ರಿಲ್ 2025

ಗೆ,
ಮ್ಯಾನೇಜರ್,
ಸೈಟಿಗೇ ಡೀಸೆಲ್ ತಲುಪಿಸುವ ವಿಭಾಗ, ತುಮಕೂರು ಡಿಪೋ

ವಿಷಯ: ಗಾಡಿಯ ರೂಟ್ ಬದಲಿಸುವುದು ಮತ್ತು ನಷ್ಟ ಭರಿಸುವುದು

ಮಾನ್ಯರೇ,

ನನ್ನ ಮೂರು ಹಿಟಾಚಿಗಳಿಗೆ ಒಂದು ವರ್ಷದಿಂದ ನಿಮ್ಮ ಗಾಡಿಯೇ ಡೀಸೆಲ್ ಹಾಕುತ್ತಿದೆ. ಒಂದು ತುಮಕೂರಿನ ಹೊರಗೆ ಲೇಔಟಿನಲ್ಲಿದೆ. ಒಂದು ಕೊರಟಗೆರೆ ಕಡೆ ಕೆರೆ ಹೂಳು ಎತ್ತುತ್ತಿದೆ. ಇನ್ನೊಂದು ಮಧುಗಿರಿ ಹತ್ತಿರ ರಸ್ತೆಗೆ ಬಂಡೆ ಒಡೆಯುತ್ತಿದೆ. ಯುಗಾದಿ ಆದಮೇಲೆ ಈ ಮಧುಗಿರಿಯ ಮೆಷಿನ್ ಡೀಸೆಲ್ ಇಲ್ಲದೆ ಎರಡು ಸಲ ನಿಂತಿದೆ.

ಮೊನ್ನೆ ಮಂಗಳವಾರದ್ದನ್ನೇ ಹೇಳುತ್ತೇನೆ. ಸೋಮವಾರ ಸಂಜೆ ಅದರಲ್ಲಿ 90 ಲೀಟರ್ ಉಳಿದಿದೆ ಅಂತ ನಿಮ್ಮ ಆಫೀಸಿಗೆ ಫೋನ್ ಮಾಡಿ ತಿಳಿಸಿದ್ದೆ. ಬಂಡೆ ಒಡೆಯುವ ಬ್ರೇಕರ್ ಹಾಕಿದ ಮೆಷಿನ್ ಗಂಟೆಗೆ 20 ಲೀಟರ್ ಕುಡಿಯುತ್ತದೆ. ಬೆಳಿಗ್ಗೆ ಏಳಕ್ಕೆ ಶುರು ಮಾಡಿದರೆ ಹನ್ನೊಂದೂವರೆ ದಾಟುವುದಿಲ್ಲ ಅಂತಲೂ ಹೇಳಿದ್ದೆ. ಆದರೂ ನಿಮ್ಮ ಗಾಡಿ ಮೊದಲು ಹೋದದ್ದು ಲೇಔಟಿಗೆ. ಸರ್ವೆ ತಕರಾರಿನಿಂದ ಅಲ್ಲಿನ ಮೆಷಿನ್ ಹಿಂದಿನ ದಿನ ಓಡಿಯೇ ಇರಲಿಲ್ಲ. ಅದಕ್ಕೆ ಹಿಡಿದದ್ದು ಬರೀ 40 ಲೀಟರ್. ಆಮೇಲೆ ಬೇರೆ ಗಿರಾಕಿಗಳು, ಆಮೇಲೆ ಕೊರಟಗೆರೆ. ಅಷ್ಟರಲ್ಲಿ ಗಾಡಿಯೇ ಖಾಲಿಯಾಗಿ, ತುಂಬಿಸಿಕೊಳ್ಳಲು ತುಮಕೂರಿಗೆ ವಾಪಸ್ ಹೋಯಿತು.

ಮಧುಗಿರಿಯ ಮೆಷಿನ್ ಹನ್ನೊಂದೂಕಾಲಕ್ಕೆ ನಿಂತಿತು. ನಿಮ್ಮ ಗಾಡಿ ಬಂದದ್ದು ಮೂರೂಕಾಲಕ್ಕೆ. ಡೀಸೆಲ್ ಹಾಕಿದ ಕೂಡಲೇ ಮೆಷಿನ್ ಶುರು ಆಗುವುದಿಲ್ಲ ಸಾರ್, ಡೀಸೆಲ್ ಪೈಪಿನಲ್ಲಿ ಗಾಳಿ ಹಿಡಿದಿರುತ್ತದೆ, ಅದನ್ನು ಹೊರಗೆ ತೆಗೆಯಬೇಕು. ಹೆಲ್ಪರ್ ಹುಡುಗ ಕಾದ ಬಂಡೆಯ ಮೇಲೆ ನಿಂತು ಫಿಲ್ಟರಿನ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪ್ ಒತ್ತುತ್ತಾ ಇದ್ದ. ಬರೀ ನೊರೆ, ಗುಳ್ಳೆ. ಮೊಣಕೈವರೆಗೂ ಡೀಸೆಲ್. ಗುಳ್ಳೆ ನಿಂತು ಧಾರೆ ಬರುವ ಹೊತ್ತಿಗೆ ನಾಲ್ಕು ಗಂಟೆ. ಅಷ್ಟು ಹೊತ್ತೂ ಮೂರು ಟಿಪ್ಪರ್ ಸುಮ್ನೆ ಸಾಲಾಗಿ ನಿಂತಿದ್ದವು.

ಬಂಕಿನಿಂದ ಕ್ಯಾನಿನಲ್ಲಿ ತರಿಸಬಹುದಿತ್ತಲ್ಲ ಅಂದರು ನಿಮ್ಮ ಆಫೀಸಿನವರು. ಎಷ್ಟೋ ವರ್ಷ ಹಾಗೇ ತಂದಿದ್ದೇವೆ. ಕ್ಯಾನಿನಲ್ಲಿ ಧೂಳು, ನೀರು ಸೇರಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಸುರಿಯುವಾಗ ಅರ್ಧ ನೆಲಕ್ಕೆ. ಅದು ಬೇಡ ಅಂತಲೇ ತಾನೇ ನಿಮ್ಮ ಹತ್ತಿರ ಬಂದದ್ದು?

ತಪ್ಪು ಡ್ರೈವರದ್ದಲ್ಲ. ಪಾಪ, ಅವನೇ ಹೇಳಿದ, "ಅಣ್ಣಾ, ಮೊಬೈಲಿನಲ್ಲಿ ಯಾವ ಸೈಟ್ ಮೊದಲು ಬರುತ್ತೋ ಅಲ್ಲಿಗೇ ಹೋಗಬೇಕು, ಬಿಟ್ಟು ಹೋದರೆ ನನ್ನನ್ನ ಕೇಳ್ತಾರೆ." ಆ ಪಟ್ಟಿ ಆಗುವುದು ಹೋದ ತಿಂಗಳ ಸರಾಸರಿ ಮೇಲೆ, ದಿನಕ್ಕೆ 130 ಲೀಟರ್ ಅಂತ. ನಮ್ಮ ಕೆಲಸದಲ್ಲಿ ಸರಾಸರಿ ನಂಬಿ ಕೂರುವುದಕ್ಕೆ ಆಗುತ್ತಾ? ಅದೇ ಮೆಷಿನ್ ಹೂಳಿನಲ್ಲಿ ಗಂಟೆಗೆ 12, 13 ಲೀಟರ್ ಕುಡಿದರೆ ಬಂಡೆಯಲ್ಲಿ 20 ಕುಡಿಯುತ್ತದೆ. ರೇವತಿ ಮಳೆ ಒಂದು ಸಲ ಜೋರಾಗಿ ಬಂದರೆ ಕೆರೆ ಕೆಸರಾಗಿ ಎರಡು ದಿನ ಒಂದು ಲೀಟರೂ ಬೇಡ. ಸರಾಸರಿಯಷ್ಟೇ ತುಂಬಿಸಿಕೊಂಡು ಹೊರಟರೆ, ಖರ್ಚು ಜಾಸ್ತಿ ಆದ ದಿನವೆಲ್ಲ ಕೊನೆಯ ಸೈಟಿಗೆ ಡೀಸೆಲ್ ಇರುವುದಿಲ್ಲ. ಆ ಕೊನೆಯ ಸೈಟ್ ಯಾವಾಗಲೂ ನನ್ನದೇ.

ಎಂಜಿನಿಯರಿಂಗ್ ಓದುತ್ತಿರುವ ನನ್ನ ಮಗಳು ಇದನ್ನು ಕೇಳಿ ಒಂದು ವಿಷಯ ಹೇಳಿದಳು. ಗಾಡಿಗಳಿಗೆ ರೂಟ್ ಹಾಕುವ ಲೆಕ್ಕ ಶುರುವಾದದ್ದೇ ಪೆಟ್ರೋಲ್ ಲಾರಿಗಳಿಂದಂತೆ. 1959ರಲ್ಲಿ ಜಾರ್ಜ್ ಡಾಂಟ್ಜಿಗ್, ಜಾನ್ ರಾಮ್ಸರ್ ಎಂಬಿಬ್ಬರು ಒಂದು ಡಿಪೋದಿಂದ ಹಲವು ಬಂಕುಗಳಿಗೆ ಕಮ್ಮಿ ಓಡಾಟದಲ್ಲಿ ಪೆಟ್ರೋಲ್ ತಲುಪಿಸುವ ದಾರಿ ಲೆಕ್ಕ ಹಾಕಿದರು. ಆದರೆ ಅಲ್ಲಿ ಯಾವ ಬಂಕಿಗೆ ಎಷ್ಟು ಬೇಕು ಅನ್ನುವುದು ಮೊದಲೇ ಗೊತ್ತಿತ್ತು. ಬೆಳಿಗ್ಗೆ ಹಾಕಿದ ಲೆಕ್ಕ ನಮ್ಮಲ್ಲಿ ಮಧ್ಯಾಹ್ನಕ್ಕೆ ಬದಲಾಗುತ್ತದೆ. ಹಾಗಿದ್ದಮೇಲೆ ಕಿಲೋಮೀಟರ್ ಒಂದನ್ನೇ ನೋಡಿದರೆ ಹೇಗೆ?

ಕಿಲೋಮೀಟರ್ ಲೆಕ್ಕದಲ್ಲೂ ನಿಮಗೆ ನಷ್ಟವಿಲ್ಲ. ತುಮಕೂರು, ಕೊರಟಗೆರೆ, ಮಧುಗಿರಿ ಒಂದೇ ರಸ್ತೆಯಲ್ಲಿವೆ. ಗಾಡಿ ನೇರ ಮಧುಗಿರಿಗೆ ಹೋಗಿ, ಉಳಿದ ಸೈಟುಗಳಿಗೆ ವಾಪಸ್ ಬರುವಾಗ ಹಾಕಿಕೊಂಡು ಬರಲಿ. ಹೇಗಿದ್ದರೂ ಆ ದಾರಿಯಲ್ಲೇ ತಾನೇ ವಾಪಸ್ ಬರಬೇಕು? ಪ್ರತಿ ಸಂಜೆ ಮೂರೂ ಮೆಷಿನ್‌ಗಳ ಅವರ್ ಮೀಟರ್ (ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಮೀಟರ್) ಮತ್ತು ಉಳಿದ ಡೀಸೆಲ್ ಲೆಕ್ಕ ನಾನೇ ಫೋಟೋ ತೆಗೆದು ಕಳಿಸುತ್ತೇನೆ. ಯಾವುದು ಮೊದಲು ಖಾಲಿ ಆಗುತ್ತದೋ ಅಲ್ಲಿಗೆ ಮೊದಲು ಗಾಡಿ ಬರಲಿ. ಹೊರಡುವಾಗ ಆ ದಿನದ ಆರ್ಡರಿಗಿಂತ 200 ಲೀಟರ್ ಜಾಸ್ತಿ ಇರಲಿ. ದಾರಿಯಲ್ಲಿ ಫೋನ್ ಬಂದರೆ ರೂಟ್ ಬದಲಿಸುವ ಅಧಿಕಾರ ಡ್ರೈವರಿಗೆ ಕೊಡಿ, ಅವನಿಗೆ ಈ ಸೈಟುಗಳು ನಿಮಗಿಂತ ಚೆನ್ನಾಗಿ ಗೊತ್ತು.

ಮಂಗಳವಾರ ನಾಲ್ಕೂಮುಕ್ಕಾಲು ಗಂಟೆ ಕೆಲಸ ನಿಂತಿದೆ. ಗಂಟೆಗೆ 2,200 ರೂಪಾಯಿಯಂತೆ ಬಾಡಿಗೆ ನಷ್ಟ 10,450 ರೂಪಾಯಿ. ಟಿಪ್ಪರ್ ಕಾದದ್ದನ್ನು ನಾನು ಸೇರಿಸಿಲ್ಲ. ಈ ಮೊತ್ತವನ್ನು ಈ ತಿಂಗಳ ಬಿಲ್ಲಿನಲ್ಲಿ ಕಳೆಯಬೇಕೆಂದು ಕೇಳುತ್ತೇನೆ. ಸೋಮವಾರದ ಫೋನ್ ಕರೆಯ ವಿವರ ಮತ್ತು ಅವರ್ ಮೀಟರ್ ಫೋಟೋಗಳನ್ನು ಜೊತೆಗೆ ಇಟ್ಟಿದ್ದೇನೆ.

ಮುಂದಿನ ಬುಧವಾರದಿಂದ ಕೆರೆಯ ಮೆಷಿನ್ ಕೂಡ ಮಧುಗಿರಿ ಬಂಡೆಗೆ ಹೋಗುತ್ತಿದೆ. ಅಲ್ಲಿನ ಖರ್ಚು ಎರಡರಷ್ಟಾಗುತ್ತದೆ. ಅಷ್ಟರೊಳಗೆ ಹೊಸ ರೂಟ್ ತಿಳಿಸಿ.

ಇಂತಿ,
ತಮ್ಮ ಗಿರಾಕಿ